ಅಂಬೆಗಾಲಿನ ಕೂಸಿಗೆ ಎಷ್ಟು ಎತ್ತರದ ಬೇಲಿ?

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ತೊಡೆಯ ಮೇಲಿದ್ದ ಮಗುವನ್ನು ಕೆಳಗಿಳಿಸಿ ತಾಯಿ ಒಳಗೆ ಓಡಿದಳು. ಮರಳಿ ಬರುವಷ್ಟರಲ್ಲಿ ಮೊಸರಿನ ಗಡಿಗೆ ಒಡೆದಿತ್ತು. ಮಗು ಕುಳಿತಲ್ಲಿ ಇರಲಿಲ್ಲ. ಹುಡುಕಿದರೆ, ಬೋರಲು ಹಾಕಿದ್ದ ಒರಳನ್ನು ಹತ್ತಿ ಕುಳಿತು ಕೋತಿಗಳಿಗೆ ಬೆಣ್ಣೆ ಹಂಚುತ್ತಿತ್ತು. ಇನ್ನು ಬಿಟ್ಟರೆ ಆಗದೆಂದು ತಾಯಿ ಹಗ್ಗ ತಂದು ಅದೇ ಒರಳಿಗೆ ಮಗುವನ್ನು ಕಟ್ಟಿ ಮನೆಗೆಲಸಕ್ಕೆ ಹೋದಳು. ಮಗು ಒರಳನ್ನೇ ಎಳೆದುಕೊಂಡು ಹೋಗಿ ಎರಡು ಮತ್ತಿ ಮರಗಳನ್ನು ಉರುಳಿಸಿತು!

ಭಾಗವತದ ದಶಮಸ್ಕಂಧದ ಈ ಪ್ರಸಂಗವನ್ನು ಕೇಳದವರು ಕನ್ನಡ ನಾಡಿನಲ್ಲಿ, ಅದರಲ್ಲೂ ಉಡುಪಿಯ ಆಸುಪಾಸಿನ ಕರಾವಳಿಯಲ್ಲಿ, ವಿರಳ. ಭಕ್ತರಿಗೆ ಇದು ದೇವರ ಲೀಲೆ. ಆದರೆ ಮನೆಯಲ್ಲಿ ಅಂಬೆಗಾಲಿಡುವ ಕೂಸಿರುವ ತಾಯಿಗೆ ಇದರಲ್ಲಿ ತನ್ನದೇ ಬೆಳಗಿನ ಚಿತ್ರ ಕಂಡರೆ ಆಶ್ಚರ್ಯವಿಲ್ಲ. ಹಾಲು ಉಕ್ಕುವುದು, ಮಗುವನ್ನು ಕೆಳಗಿಳಿಸುವುದು, ಒಂದೆರಡು ನಿಮಿಷ ಕಣ್ಣು ತಪ್ಪುವುದು, ಅಷ್ಟರಲ್ಲಿ ಆಗಬಾರದ್ದು ಆಗುವುದು. ಪುಟ್ಟ ಮಕ್ಕಳಿಗೆ ಮನೆಯಲ್ಲಿ ಸಂಭವಿಸುವ ಅಪಘಾತಗಳಲ್ಲಿ ಬಹುಪಾಲು ನಡೆಯುವುದು ಇದೇ ಕ್ರಮದಲ್ಲಿ.

ಯಶೋದೆಯ ಒರಳು-ಹಗ್ಗದ ಜಾಗಕ್ಕೆ ಈಗ ಪ್ಲೇಪೆನ್ ಬಂದಿದೆ. ನಾಲ್ಕೂ ಬದಿಗೆ ಕಟಕಟೆ ಅಥವಾ ಬಲೆ, ಒಳಗೆ ಮೆತ್ತನೆಯ ಹಾಸು, ಒಂದಷ್ಟು ಆಟಿಕೆ. ಮಗುವನ್ನು ಅದರೊಳಗೆ ಕೂರಿಸಿದರೆ ಅಮ್ಮನ ಕೈ ಬಿಡುವಾಯಿತು. ಸುರತ್ಕಲ್ಲಿನ ಫ್ಲಾಟುಗಳಲ್ಲೂ ಇಂದು ಇದು ಅಪರಿಚಿತ ವಸ್ತುವೇನಲ್ಲ. ಆದರೆ ಈ ಬೇಲಿ ಎಷ್ಟು ಹೊತ್ತು ಮಗುವನ್ನು ಕಾಯಬಲ್ಲದು? ಎಲ್ಲಿಗೆ ಅದರ ಕೆಲಸ ಮುಗಿದು ಮನುಷ್ಯರ ಕೆಲಸ ಮೊದಲಾಗುತ್ತದೆ? ಬಾವಿ, ತೋಡು, ಕೆರೆಗಳ ನಡುವೆ ಬದುಕುವ ಕರಾವಳಿಯ ಮಟ್ಟಿಗೆ ಇದು ಜೀವದ ಪ್ರಶ್ನೆ.

ಕಣ್ಣುಗಳೇ ಬೇಲಿ

ಹಳೆಯ ತುಳುನಾಡಿನ ದೊಡ್ಡ ಮನೆಗಳಲ್ಲಿ ಮಗುವನ್ನು ತಡೆಯುವ ಏರ್ಪಾಡು ಮನೆಯ ಕಟ್ಟೋಣದಲ್ಲಿಯೇ ಇತ್ತು. ದೊಡ್ಡವರೂ ಕಾಲೆತ್ತಿ ದಾಟಬೇಕಾದ ಎತ್ತರದ ಹೊಸ್ತಿಲು, ಚಾವಡಿಯ ಅಂಚಿಗೆ ಮರದ ಕಟಾಂಜನ, ಅಂಗಳದಾಚೆ ದನ ಬಾರದಂತೆ ಹಾಕಿದ ತಡಮೆ. ಇವೆಲ್ಲ ಮಗುವಿಗೆಂದೇ ಮಾಡಿದವಲ್ಲವಾದರೂ ಅಂಬೆಗಾಲಿನ ಕೂಸನ್ನು ಒಂದಷ್ಟು ಹೊತ್ತು ತಡೆಯುತ್ತಿದ್ದವು. ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಸಿಹಿ ಮಾಡಿ ಹಂಚುವ ರೂಢಿ ಅನೇಕ ಮನೆಗಳಲ್ಲಿದೆ. ಆ ಸಂಭ್ರಮದ ಹಿಂದೆ ಒಂದು ಎಚ್ಚರಿಕೆಯೂ ಇರಬಹುದು: ಇನ್ನು ಮುಂದೆ ಈ ಮಗುವಿನ ಮೇಲೆ ಕಣ್ಣಿಡಿ!

ಹುಟ್ಟಿದಾಗಿನಿಂದ ಕೂರಲು ಕಲಿಯುವವರೆಗೆ ತೊಟ್ಟಿಲು ಇತ್ತು. ಸ್ಥಿತಿವಂತರ ಮನೆಯಲ್ಲಿ ಕಡೆದ ಕಂಬಿಗಳ ಮರದ ತೊಟ್ಟಿಲು; ಧಾರವಾಡ ಜಿಲ್ಲೆಯ ಕಲಘಟಗಿಯಂಥ ಊರು ಬಣ್ಣದ ಚಿತ್ರಗಳ ಮರದ ತೊಟ್ಟಿಲಿಗೇ ಹೆಸರಾಗಿದೆ. ಬಡವರ ಮನೆಯಲ್ಲಿ ಮಾಡಿನ ಪಕ್ಕಾಸಿಗೆ ಕಟ್ಟಿದ ಹಳೆಯ ಸೀರೆಯೇ ಜೋಲಿ. ನಡೆಯಲು ಕಲಿಯುವಾಗ ಮೂರು ಗಾಲಿಯ ಮರದ ತಳ್ಳುಗಾಡಿ. ತೊಟ್ಟಿಲಿಗೂ ತಳ್ಳುಗಾಡಿಗೂ ನಡುವಿನ ಆರೇಳು ತಿಂಗಳು, ಅಂದರೆ ಮಗು ತೆವಳುವ, ಹಿಡಿದು ನಿಲ್ಲುವ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕಾಲಕ್ಕೆ ನಮ್ಮಲ್ಲಿ ಬೇರೆ ಉಪಕರಣ ಇರಲಿಲ್ಲ. ಅದಕ್ಕೆ ಮನುಷ್ಯರೇ ಇದ್ದರು.

ಅಳಿಯಸಂತಾನದ ಕುಟುಂಬಗಳಲ್ಲಿ ಮಗು ಬೆಳೆಯುತ್ತಿದ್ದುದು ತಾಯಿಯ ತರವಾಡಿನಲ್ಲಿ. ಅಜ್ಜಿ, ಅಜ್ಜಿಯ ತಂಗಿಯರು, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ, ಅವರೆಲ್ಲರ ನಡುವೆ ಹತ್ತಾರು ಮಕ್ಕಳು. ಒಬ್ಬರು ಕಡೆಯುವ ಕಲ್ಲಿನ ಮುಂದೆ ಕುಳಿತರೆ ಇನ್ನೊಬ್ಬರು ಜಗಲಿಯಲ್ಲಿ ಇರುತ್ತಿದ್ದರು. ಯಾರೂ ಮಗುವನ್ನು ಕಾಯುವುದಕ್ಕೆಂದೇ ಕುಳಿತಿರುತ್ತಿರಲಿಲ್ಲ. ಆದರೂ ಮಗು ಯಾರಾದರೊಬ್ಬರ ಕಣ್ಣಳತೆಯಲ್ಲಿ ಇರುತ್ತಿತ್ತು.

ಹಾಗೆಂದು ಹಿಂದಿನ ಕಾಲವೇ ಚೆನ್ನ ಎಂದು ಹಾಡಬೇಕಾಗಿಲ್ಲ. ಕಟ್ಟೆಯಿಲ್ಲದ ಬಾವಿಗಳೂ ನೆಲಮಟ್ಟದ ಒಲೆಗಳೂ ಆಗ ಇದ್ದವು. ಆ ಕಣ್ಣುಗಳಲ್ಲಿ ಎಷ್ಟೋ ಜೊತೆ ಕಣ್ಣುಗಳು ಶಾಲೆ ಬಿಟ್ಟು ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಎಂಟು-ಹತ್ತು ವರ್ಷದ ಅಕ್ಕಂದಿರದ್ದು ಎಂಬುದನ್ನೂ ಮರೆಯಬಾರದು. ಆ ಕಾವಲು ಪುಕ್ಕಟೆಯದಾಗಿರಲಿಲ್ಲ. ಅದರ ಬೆಲೆಯನ್ನು ಆ ಹುಡುಗಿಯರು ತೆತ್ತಿದ್ದರು.

ಮನೆ ಸಣ್ಣದಾದಾಗ

ಈ ಏರ್ಪಾಡು ಒಮ್ಮೆಗೇ ಕುಸಿಯಲಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1949ರಲ್ಲಿ ಬಂದ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳಲು ಹಾದಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1974ರ ಭೂಸುಧಾರಣೆ ಇವೆರಡೂ ದೊಡ್ಡ ಮನೆಗಳ ಆರ್ಥಿಕ ಬುನಾದಿಯನ್ನೇ ಬದಲಿಸಿದವು. ಗೇಣಿದಾರನಿಗೆ ಭೂಮಿ ಸಿಕ್ಕಿತು, ಹೆಣ್ಣುಮಕ್ಕಳಿಗೆ ಶಾಲೆ ಸಿಕ್ಕಿತು, ಎಳೆಯರಿಗೆ ಮುಂಬಯಿಯ, ಕೊಲ್ಲಿ ನಾಡುಗಳ ದಾರಿ ತೆರೆಯಿತು. ಇವೆಲ್ಲ ಬೇಕಾದ ಬದಲಾವಣೆಗಳೇ. ಆದರೆ ಹತ್ತು ಜನ ದೊಡ್ಡವರಿದ್ದ ಮನೆ ಇಬ್ಬರಿರುವ ಮನೆಯಾಯಿತು.

ಸುರತ್ಕಲ್ಲಿನ ಪಾಡನ್ನೇ ನೋಡಿ. 1960ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಇಂದು ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. 1970ರ ದಶಕದಲ್ಲಿ ಪಕ್ಕದ ಪಣಂಬೂರಿನಲ್ಲಿ ನವಮಂಗಳೂರು ಬಂದರು, ರಸಗೊಬ್ಬರದ ಕಾರ್ಖಾನೆ. 1990ರ ದಶಕದಲ್ಲಿ ತೈಲ ಶುದ್ಧೀಕರಣಾಗಾರ. ಬಂದರಿಗೆ ನೆಲ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಅಳೆದುಕೊಟ್ಟ ನಿವೇಶನಗಳಲ್ಲಿ ಮನೆ ಕಟ್ಟಿದರು. ನೌಕರಿಗೆಂದು ಬಂದವರು ಕ್ವಾರ್ಟರ್ಸುಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಬಳಿಕ ಹೆದ್ದಾರಿಯ ಎರಡೂ ಬದಿಗೆ ಎದ್ದ ಬಹುಮಹಡಿಗಳಲ್ಲಿ ನೆಲೆಸಿದರು. ಇವರಲ್ಲಿ ಅನೇಕರ ಅಜ್ಜಿಮನೆ ಬಸ್ಸಿನಲ್ಲಿ ಅರ್ಧ ದಿನದ ದಾರಿ, ಕೆಲವರದು ರೈಲಿನಲ್ಲಿ ಎರಡು ದಿನದ ದಾರಿ.

ಇಂಥ ಮನೆಯ ಬೆಳಗಿನ ಹತ್ತು ಗಂಟೆಯನ್ನು ಕಲ್ಪಿಸಿಕೊಳ್ಳಿ. ಗಂಡ ಪಾಳಿಗೆ ಹೋಗಿದ್ದಾನೆ. ದೊಡ್ಡ ಮಗಳು ಶಾಲೆಯಲ್ಲಿದ್ದಾಳೆ, ಇರಬೇಕಾದದ್ದೂ ಅಲ್ಲಿಯೇ. ಕುಕ್ಕರು ಕೂಗುತ್ತಿದೆ, ಬಟ್ಟೆ ನೆನೆದಿದೆ, ನೀರು ಬರುವುದು ಈಗಲೇ. ಕಡಲ ಬದಿಯ ಕೊಪ್ಲಗಳಲ್ಲಾದರೆ ತಾಯಿ ಮೀನಿನ ಬುಟ್ಟಿ ಹೊತ್ತು ಹೊರಟಿರುತ್ತಾಳೆ. ಒಳನಾಡಿನ ಮನೆಯಲ್ಲಾದರೆ ಮೊರದ ಮುಂದೆ ಕುಳಿತು ಬೀಡಿ ಕಟ್ಟುತ್ತಿರುತ್ತಾಳೆ. ಲೆಕ್ಕ ತುಂಬದಿದ್ದರೆ ಕೂಲಿ ಇಲ್ಲ. ಆ ಹೊತ್ತಿಗೆ ಹನ್ನೊಂದು ತಿಂಗಳ ಕೂಸಿನ ಮೇಲೆ ಯಾರ ಕಣ್ಣಿದೆ?

ಪ್ಲೇಪೆನ್ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಒಬ್ಬಳೇ ಹೆಂಗಸು ಇಡೀ ಮನೆಯನ್ನು ನಿಭಾಯಿಸುವ ಸಂಸಾರದ ಸಾಮಾನು ಅದು.

ಕಟಕಟೆಯ ಗುಣ-ದೋಷ

ಯೂರೋಪಿನಲ್ಲಿ ನಡೆಯಲು ಕಲಿಯುವ ಮಗುವಿನ ಅಂಗಿಯ ಹೆಗಲಿಗೆ ಪಟ್ಟಿ ಹೊಲಿದು, ಅದನ್ನು ಹಿಡಿದು ನಡೆಸುವ ಪದ್ಧತಿ 17-18ನೆಯ ಶತಮಾನಗಳಲ್ಲಿ ಬಳಕೆಯಲ್ಲಿತ್ತು. ಮಗುವನ್ನು ಬಿಗಿಯಾಗಿ ಹಿಡಿದಿಡಬೇಕೋ, ಬಿಟ್ಟು ಬೆಳೆಸಬೇಕೋ ಎಂಬ ಚರ್ಚೆಯೂ ಅಷ್ಟೇ ಹಳೆಯದು. ಈ ಚರ್ಚೆಗೆ ಹೊಸ ತಿರುವು ಕೊಟ್ಟವರಲ್ಲಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ ಮುಖ್ಯರು. ಅವರ ಮೊದಲ 'ಮಕ್ಕಳ ಮನೆ' 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ತೆರೆಯಿತು. ತಂದೆ-ತಾಯಿ ಕೆಲಸಕ್ಕೆ ಹೋದ ಮೇಲೆ ವಠಾರದಲ್ಲಿ ಹೇಳುವವರು ಕೇಳುವವರಿಲ್ಲದೆ ಉಳಿದ ಮಕ್ಕಳು ಗೋಡೆ, ಮೆಟ್ಟಿಲು ಹಾಳುಮಾಡುತ್ತಿದ್ದಾರೆಂಬುದು ಅದನ್ನು ತೆರೆಸಿದ ಕಟ್ಟಡದವರ ಚಿಂತೆಯಾಗಿತ್ತು. ಮಾಂಟೆಸೊರಿ ಮಕ್ಕಳನ್ನು ಕೂಡಿಹಾಕಲಿಲ್ಲ. ಮೇಜು, ಕುರ್ಚಿ, ಕಪಾಟುಗಳನ್ನೇ ಮಕ್ಕಳ ಅಳತೆಗೆ ತಂದರು. 1939ರಲ್ಲಿ ಭಾರತಕ್ಕೆ ಬಂದ ಅವರು ಎರಡನೆಯ ಮಹಾಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದು ಮದರಾಸು, ಕೊಡೈಕನಾಲ್‌ಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಗುವನ್ನು ಬೇಲಿಯೊಳಗೆ ಹಾಕುವ ಬದಲು ಕೋಣೆಯನ್ನೇ ಮಗುವಿಗೆ ಒಪ್ಪುವಂತೆ ಸಜ್ಜುಗೊಳಿಸಬೇಕು ಎಂಬ ವಿಚಾರಕ್ಕೆ ಬಲ ಬಂದದ್ದು ಇಂಥವರಿಂದ.

ಹಾಗಾದರೆ ಪ್ಲೇಪೆನ್ ಬೇಡವೇ? ಬೇಡವೆನ್ನುವಂತಿಲ್ಲ. ಕುದಿಯುವ ಎಣ್ಣೆಯ ಬಾಣಲೆ ಇಳಿಸುವಾಗ, ಬಾಗಿಲಿಗೆ ಬಂದವರೊಡನೆ ಮಾತನಾಡುವಾಗ, ಸ್ನಾನಕ್ಕೆ ಹೋದಾಗ ಮಗು ಒಂದು ಕ್ಷೇಮದ ಜಾಗದಲ್ಲಿರುವುದು ಒಳ್ಳೆಯದೇ. ಆದರೆ ಕೊಳ್ಳುವಾಗಲೂ ಬಳಸುವಾಗಲೂ ಕೆಲವು ಸಂಗತಿಗಳನ್ನು ನೋಡಬೇಕು.

ಮರದ ಕಂಬಿಗಳದ್ದಾದರೆ ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಅಮೆರಿಕದಲ್ಲಿ ಮಕ್ಕಳ ಮಂಚಗಳಿಗೆ 1973ರಲ್ಲಿ ನಿಗದಿಯಾದ ಅಳತೆ ಇದು. ಸಂದು ದೊಡ್ಡದಿದ್ದರೆ ಮಗುವಿನ ಮೈ ಆಚೆ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಬಲೆಯದ್ದಾದರೆ ಕಣ್ಣು ಅಂಗಿಯ ಗುಂಡಿ ಸಿಕ್ಕದಷ್ಟು ಸಣ್ಣದಿರಬೇಕು, ಎಲ್ಲಿಯೂ ಹರಿದಿರಬಾರದು. ಮಡಚುವಂಥದ್ದಾದರೆ ಮೇಲಿನ ಕಂಬಿ ಭದ್ರವಾಗಿ ಕೂತಿದೆಯೇ ಎಂದು ಪ್ರತಿ ಸಲ ಒತ್ತಿ ನೋಡಬೇಕು. ಮೇಲಿನ ಕಂಬಿ ಕುಸಿದು, 'ವಿ' ಆಕಾರದ ಸಂದಿನಲ್ಲಿ ಕುತ್ತಿಗೆ ಸಿಕ್ಕಿ ಶಿಶುಗಳು ಸತ್ತ ಕಾರಣ 1990ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಹಲವು ಮಾದರಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಒಳಗೆ ದಿಂಬು, ದೊಡ್ಡ ಆಟಿಕೆ ಇಡಬಾರದು, ಅದೇ ಮೆಟ್ಟಿಲಾಗುತ್ತದೆ. ನಮ್ಮಲ್ಲಿ ಮಗುವಿನ ಕೊರಳಿಗೆ ದೃಷ್ಟಿದಾರ, ತಾಯಿತ ಕಟ್ಟುವುದುಂಟು. ಅವು ಕಂಬಿಗೆ ಸಿಕ್ಕಿಕೊಂಡರೆ ಉರುಳಾಗುತ್ತವೆ. ಕಟ್ಟಲೇಬೇಕೆಂದಿದ್ದರೆ ಕಟಕಟೆಯೊಳಗೆ ಬಿಡುವ ಮುನ್ನ ತೆಗೆದಿಡುವುದು ಲೇಸು.

ತಾನಾಗಿ ಕೂರಲು ಕಲಿತ ಮಗುವಿನಿಂದ ಹತ್ತಿ ದಾಟಲು ಕಲಿತ ಮಗುವಿನವರೆಗೆ, ಅಷ್ಟೇ ಪ್ಲೇಪೆನ್ನಿನ ಆಯುಷ್ಯ. ಮಗು 34 ಅಂಗುಲ ಎತ್ತರವೋ 14 ಕಿಲೊ ತೂಕವೋ ಆಗುವ ಹೊತ್ತಿಗೆ ಅದನ್ನು ತೆಗೆದಿಡಬೇಕೆನ್ನುವುದು ತಜ್ಞರ ಸಲಹೆ. ಅದಕ್ಕೆ ಮೊದಲೇ ಮಗು ದಾಟಲು ಕಲಿತರೆ ಅಂದೇ ಅದರ ಕೆಲಸ ಮುಗಿಯಿತು. ದಿನವಿಡೀ ಅದರೊಳಗೆ ಬಿಟ್ಟರೆ ಮಗು ತೆವಳುವುದನ್ನು, ನಡೆಯುವುದನ್ನು ಕಲಿಯುವುದೆಲ್ಲಿ?

ಗಾಲಿಯ ವಾಕರ್ ವಿಷಯ ಬೇರೆಯೇ. ಮಗು ಬೇಗ ನಡೆಯುತ್ತದೆಂದು ಉಡುಗೊರೆಯಾಗಿ ಕೊಡುವ ಈ ಸಾಮಾನಿನಿಂದ ನಡಿಗೆಗೆ ಸಹಾಯವಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮಗು ಮೆಟ್ಟಿಲಿಗೋ ಒಲೆಯ ಬಳಿಗೋ ಹೋಗಿರುತ್ತದೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು.

ನೀರು ಸದ್ದು ಮಾಡುವುದಿಲ್ಲ

ಮನೆಯ ಅಪಾಯಗಳಲ್ಲಿ ಕರಾವಳಿಯವರು ಮೊದಲು ಎಣಿಸಬೇಕಾದದ್ದು ನೀರನ್ನು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗೆ. ಏಪ್ರಿಲ್‌ನಲ್ಲಿ ಆಳಕ್ಕಿಳಿದ ಬಾವಿಯ ನೀರು ಆಟಿ ತಿಂಗಳಿಗೆ ಕೈಗೆಟಕುವಂತಿರುತ್ತದೆ. ತೋಡು ತುಂಬಿ ಹರಿಯುತ್ತದೆ. ಕೆಂಪುಕಲ್ಲು ಕಡಿದು ಬಿಟ್ಟ ಹೊಂಡಗಳು ಕೆರೆಗಳಾಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಸಿನಿಮಾದಲ್ಲಿ ಕಾಣುವಂತೆ ಕೈಕಾಲು ಬಡಿದು ಕೂಗುವುದು ಪುಟ್ಟ ಮಕ್ಕಳ ವಿಷಯದಲ್ಲಿ ನಡೆಯುವುದಿಲ್ಲ. ಈ ವಯಸ್ಸಿನಲ್ಲಿ ಮೈಯ ಅಳತೆಗೆ ಹೋಲಿಸಿದರೆ ತಲೆ ಭಾರ. ಬಕೆಟ್ಟಿನೊಳಗೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ಮೇಲೇಳಲು ಅದಕ್ಕೆ ಬಲ ಸಾಲದು; ಬಾಯಿಗೆ ನೀರು ಹೋದ ಮೇಲೆ ಕೂಗಲು ಉಸಿರೂ ಇರದು. ಬಚ್ಚಲಲ್ಲಿ ಎರಡು-ಮೂರು ಅಂಗುಲ ನೀರು, ಒಂದೆರಡು ನಿಮಿಷ. ಪಕ್ಕದ ಕೋಣೆಯಲ್ಲಿದ್ದವರಿಗೂ ಸದ್ದು ಕೇಳುವುದಿಲ್ಲ.

ಬಾವಿಗೆ ಕಟ್ಟೆ ಇದೆಯಲ್ಲ ಎಂದು ಸಮಾಧಾನ ಪಡುವವರು ಕಟ್ಟೆಯ ಸುತ್ತ ಒಮ್ಮೆ ಕಣ್ಣಾಡಿಸಬೇಕು. ಬಟ್ಟೆ ಒಗೆಯುವ ಕಲ್ಲು, ಮಗುಚಿಟ್ಟ ಕೊಡ, ಪಂಪಿನ ಪೆಟ್ಟಿಗೆ ಕಟ್ಟೆಗೆ ತಾಗಿಕೊಂಡಿದ್ದರೆ ಎರಡು ವರ್ಷದ ಮಗುವಿಗೆ ಅದು ಏಣಿಯೇ. ಎಲೆ ಬೀಳದಿರಲೆಂದು ಹರಡಿದ ನೈಲಾನ್ ಬಲೆ ಎಲೆಯನ್ನು ತಡೆಯುತ್ತದೆ, ಮಗುವಿನ ಭಾರವನ್ನಲ್ಲ. ಕಬ್ಬಿಣದ ಸರಳಿನ ಮುಚ್ಚಳ, ಅದಕ್ಕೊಂದು ಚಿಲಕ ಇದ್ದರೆ ಮಾತ್ರ ಬಾವಿ ಮುಚ್ಚಿದಂತೆ. ನಳ್ಳಿ ನೀರಿನೊಡನೆ ಬಂದ ನೆಲತೊಟ್ಟಿಗಳಿಗೂ ಶೌಚದ ಗುಂಡಿಗಳಿಗೂ ಇದೇ ಮಾತು.

ಬಯಲುಸೀಮೆಯಲ್ಲಿ ಇದೇ ದುರಂತ ಇನ್ನೊಂದು ರೂಪದಲ್ಲಿ ಕಾಡುತ್ತಿದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಬಾಲಕನೊಬ್ಬ ಮನೆಯ ಹತ್ತಿರದ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದ. ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಅವನನ್ನು ಜೀವಸಹಿತ ಹೊರತೆಗೆದಾಗ ನಾಡೇ ನಿಟ್ಟುಸಿರು ಬಿಟ್ಟಿತು. ಎಲ್ಲ ಮಕ್ಕಳಿಗೂ ಈ ಭಾಗ್ಯ ಸಿಕ್ಕಿಲ್ಲ. ಕೊಳವೆಬಾವಿ ಕೊರೆಯುವಾಗ ಸುತ್ತ ಬೇಲಿ ಹಾಕಬೇಕು, ಬಾಯಿಗೆ ಭದ್ರವಾದ ಮುಚ್ಚಳ ಇರಬೇಕು, ನೀರು ಸಿಗದೆ ಬಿಟ್ಟದ್ದನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿತ್ತು. ಒಂದು ಮುಚ್ಚಳದ ಖರ್ಚಿಗೆ ಹಿಂದೆಗೆದು ಕೊನೆಗೆ ಇಡೀ ಆಡಳಿತ ಯಂತ್ರವೇ ಮಣ್ಣು ಅಗೆಯುವಂತಾಗುವುದು ಎಂಥ ವಿಪರ್ಯಾಸ!

ಬಾಂಗ್ಲಾದ ಹಳ್ಳಿಗಳು ಹೇಳಿದ್ದು

ಪ್ಲೇಪೆನ್ ಮಗುವಿನ ಜೀವ ಉಳಿಸುತ್ತದೆಯೇ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಶ್ರೀಮಂತ ದೇಶಗಳಲ್ಲಲ್ಲ, ನೆರೆಯ ಬಾಂಗ್ಲಾದೇಶದಲ್ಲಿ. ನೀರಿನ ಮಟ್ಟಿಗೆ ಆ ನಾಡು ನಮ್ಮ ಕರಾವಳಿಯ ದಾಯಾದಿ. ಮನೆಗೊಂದು ಕೊಳ, ಸುತ್ತಲೂ ಹೊಳೆ-ಹಳ್ಳ. ಅಲ್ಲಿನ ಗಾಯ ತಡೆ ಮತ್ತು ಸಂಶೋಧನಾ ಕೇಂದ್ರ ಲೆಕ್ಕ ಹಾಕಿದಾಗ ಒಂದು ಸಂಗತಿ ಎದ್ದು ಕಂಡಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ಮುಳುಗುತ್ತಿದ್ದುದು ಹೆಚ್ಚಾಗಿ ಬೆಳಗಿನ 9ರಿಂದ ಮಧ್ಯಾಹ್ನ 1 ಗಂಟೆಯೊಳಗೆ, ಅದೂ ಮನೆಯಿಂದ ಇಪ್ಪತ್ತು ಮೀಟರಿನಷ್ಟೇ ದೂರದ ನೀರಿನಲ್ಲಿ. ತಂದೆ ಹೊಲದಲ್ಲಿ, ಅಣ್ಣ-ಅಕ್ಕ ಶಾಲೆಯಲ್ಲಿ, ತಾಯಿ ಅಡಿಗೆಯಲ್ಲಿ ಇರುವ ಹೊತ್ತು ಅದು.

ಮೊದಲಿಗೆ ಊರೂರಲ್ಲಿ 'ಆಂಚಲ್' ಎಂಬ ಶಿಶುಕೇಂದ್ರಗಳನ್ನು ತೆರೆಯಲಾಯಿತು. ಊರಿನ ಒಬ್ಬ ಹೆಂಗಸಿನ ಮನೆಯಲ್ಲಿಯೇ ಇಪ್ಪತ್ತು-ಇಪ್ಪತ್ತೈದು ಮಕ್ಕಳು, ವಾರಕ್ಕೆ ಆರು ದಿನ, ಬೆಳಗ್ಗೆ 9ರಿಂದ 1ರವರೆಗೆ. ಆಕೆಯೇ 'ಆಂಚಲ್ ಮಾ'. ಬಂಗಾಳಿಯಲ್ಲಿ ಆಂಚಲ್ ಎಂದರೆ ಸೀರೆಯ ಸೆರಗು. ಈ ಕೇಂದ್ರಗಳಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ. 80ಕ್ಕೂ ಹೆಚ್ಚು ತಗ್ಗಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಆಮೇಲೆ 2013ರಿಂದ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೂ ಕೈಜೋಡಿಸಿದ ಈ ಯೋಜನೆ ಸುಮಾರು 80 ಸಾವಿರ ಮಕ್ಕಳನ್ನು ಒಳಗೊಂಡಿತ್ತು. ಕೆಲವು ಮನೆಗಳಿಗೆ ಮರದ ಅಥವಾ ಪ್ಲಾಸ್ಟಿಕ್‌ನ ಪ್ಲೇಪೆನ್, ಕೆಲವು ಮಕ್ಕಳಿಗೆ ಶಿಶುಕೇಂದ್ರ, ಕೆಲವರಿಗೆ ಎರಡೂ. ಫಲಿತಾಂಶ ಯೋಚಿಸುವಂತಿತ್ತು. ಶಿಶುಕೇಂದ್ರದ ಮಕ್ಕಳಲ್ಲಿ ಸಾವು ಸ್ಪಷ್ಟವಾಗಿ ಇಳಿಯಿತು. ಪ್ಲೇಪೆನ್ ಒಂದನ್ನೇ ಕೊಟ್ಟಲ್ಲಿ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕುರಿತು ಮಾರ್ಗಸೂಚಿ ಹೊರಡಿಸಿದಾಗ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳಿಗೆ ಹಗಲಿನ ಶಿಶುಪಾಲನಾ ಕೇಂದ್ರಗಳನ್ನೇ ಶಿಫಾರಸು ಮಾಡಿತು. ಮರುವರ್ಷ ಬಾಂಗ್ಲಾದೇಶ ಸರ್ಕಾರ ಇಂಥ 8,000 ಕೇಂದ್ರಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಕಾರಣ ಊಹಿಸುವುದು ಕಷ್ಟವಲ್ಲ. ಮಗು ಕಟಕಟೆಯೊಳಗೆ ಇರುವುದು ದಿನದಲ್ಲಿ ಸ್ವಲ್ಪ ಹೊತ್ತು. ಅತ್ತರೆ ತಾಯಿ ಎತ್ತಿಕೊಳ್ಳುತ್ತಾಳೆ, ಮತ್ತೆ ಕೆಳಗೆ ಬಿಡುತ್ತಾಳೆ. ಎರಡು ವರ್ಷದ ಮಗು ಅದರೊಳಗೆ ಕೂರುವುದೇ ಇಲ್ಲ, ಅಪಾಯವೋ ಆ ವಯಸ್ಸಿನಲ್ಲೇ ಹೆಚ್ಚು. ಬೇಲಿ ನಿಮಿಷಗಳನ್ನು ಉಳಿಸಿಕೊಡುತ್ತದೆ. ನಾಲ್ಕು ಗಂಟೆ ಕಾಯಬೇಕಾದರೆ ಬೇರೆ ಕೆಲಸವಿಲ್ಲದ ಒಬ್ಬ ಮನುಷ್ಯ ಬೇಕು.

ಮನೆಯೊಳಗೆ ಒಂದು ಸುತ್ತು

ಮನೆಯಲ್ಲಿ ಮಾಡಬಹುದಾದದ್ದನ್ನು ಮಾಡದೆ ಬಿಡಬೇಕೆಂದಲ್ಲ. ಅದಕ್ಕೆ ಸುಲಭ ಉಪಾಯ, ಒಮ್ಮೆ ಮಗುವಿನಂತೆ ಅಂಬೆಗಾಲಿನಲ್ಲಿ ಮನೆ ಸುತ್ತುವುದು. ನಿಂತಾಗ ಕಾಣದ್ದು ಆಗ ಕಾಣುತ್ತದೆ: ಮಂಚದಡಿಯ ಇಲಿಪಾಷಾಣ, ಮೂಲೆಯ ಪ್ಲಗ್ಗು, ಮೇಜಿನಂಚಿಗೆ ಜೋತಾಡುವ ಬಟ್ಟೆ, ಅದರ ಮೇಲಿನ ಬಿಸಿ ಚಹಾ.

ಬಕೆಟ್ಟನ್ನು ಬಳಸಿದ ಕೂಡಲೇ ಬರಿದು ಮಾಡಿ ಮಗುಚಿಡಬೇಕು. ಬಚ್ಚಲ ಬಾಗಿಲಿಗೆ ಮೇಲ್ಗಡೆ ಚಿಲಕ ಇರಲಿ. ಹಂಡೆಯ ಬಿಸಿನೀರನ್ನು ಬಕೆಟ್ಟಿಗೆ ಹಾಕುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಅಡಿಗೆಮನೆಯ ಬಾಗಿಲಿಗೆ ಎರಡೂವರೆ ಅಡಿಯ ಅರೆಬಾಗಿಲೊಂದನ್ನು ಬಡಗಿಯಿಂದ ಮಾಡಿಸಿದರೆ ಅಂಗಡಿಯ ಪ್ಲೇಪೆನ್ನಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸವಾಗುತ್ತದೆ. ಮಗು ಹೊರಗಿನಿಂದ ಅಮ್ಮನನ್ನು ನೋಡುತ್ತಾ ಆಡಬಹುದು.

ಚಿಮಿಣಿ ಎಣ್ಣೆ, ಫಿನಾಯಿಲ್, ಆಸಿಡ್‌ಗಳನ್ನು ಶರಬತ್ತಿನ ಹಳೆಯ ಬಾಟಲಿಗಳಲ್ಲಿ ತುಂಬಿಡುವ ಅಭ್ಯಾಸ ತೊಲಗಬೇಕು. ಮಗು ಚಿಮಿಣಿ ಎಣ್ಣೆ ಕುಡಿದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಹಾನಿ ಹೆಚ್ಚು. ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಅಡಿಕೆ ಹೋಳು, ನೆಲಗಡಲೆ, ಹುಣಸೆ ಬೀಜ ಮಗುವಿನ ಗಂಟಲಿಗೆ ಅಳತೆ ಹೊಲಿದಂಥವು. ಎಲೆಯಡಿಕೆ ತಟ್ಟೆಯನ್ನು ನೆಲದಲ್ಲಿ ಇಡಬಾರದು. ಆಟಿಕೆ, ರಿಮೋಟುಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಲಾರಂಭಿಸುತ್ತದೆ, ಬೆಳಗಾಗಲೆಂದು ಕಾಯುವಂತಿಲ್ಲ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ತುರ್ತಿಗೆ 108 ಸಂಖ್ಯೆ ಮನೆಯವರೆಲ್ಲರ ಬಾಯಲ್ಲಿರಲಿ.

ಮಹಡಿಯ ಮನೆಯವರಿಗೆ ಬಾವಿಯ ಭಯವಿಲ್ಲದಿದ್ದರೂ ಬಾಲ್ಕನಿಯ ಭಯವಿದೆ. ಕಂಬಿಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಸಂದಿರಬಾರದು, ಕಂಬಿಯ ಬಳಿ ಕುರ್ಚಿ, ಹೂಕುಂಡ ಇಡಬಾರದು. ನ್ಯೂಯಾರ್ಕ್ ನಗರದಲ್ಲಿ ಕಿಟಕಿಯಿಂದ ಬೀಳುವ ಮಕ್ಕಳ ಸಂಖ್ಯೆ ಕಂಡು 1972ರಲ್ಲಿ ಪ್ರಚಾರಾಂದೋಲನ ಆರಂಭಿಸಿ, ಕಿಟಕಿ ಸರಳುಗಳನ್ನು ಹಂಚಿದರು. 1976ರಲ್ಲಿ ಮಕ್ಕಳಿರುವ ಬಾಡಿಗೆ ಮನೆಗಳಿಗೆ ಸರಳು ಹಾಕಿಸುವುದು ಮಾಲೀಕರ ಹೊಣೆ ಎಂದು ನಿಯಮವಾಯಿತು. ಬೀಳುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ತಾಯಂದಿರನ್ನು ಬೈಯುವುದಕ್ಕಿಂತ ಒಂದು ಸರಳು ಹೆಚ್ಚು ಕೆಲಸ ಮಾಡಿತ್ತು.

ಕಾಯುವವರು ಯಾರು?

ಈ ಕೊನೆಯ ಮಾತು ಮುಖ್ಯ. ಮನೆಯಲ್ಲಿ ಮಗುವಿಗೆ ಏನಾದರೂ ಆದಾಗ ಸಮಾಜ ಕೇಳುವ ಮೊದಲ ಪ್ರಶ್ನೆ, 'ತಾಯಿ ಎಲ್ಲಿದ್ದಳು?' ಆಕೆ ಇದ್ದದ್ದು ಒಲೆಯ ಮುಂದೆ, ಬೀಡಿಯ ಮೊರದ ಮುಂದೆ ಅಥವಾ ನೀರಿನ ಸಾಲಿನಲ್ಲಿ. ಯಶೋದೆಯೂ ಹಾಲಿನ ಮುಂದೆಯೇ ಇದ್ದಳು. ಕೇಳಬೇಕಾದದ್ದು, ಆ ಹೊತ್ತಿಗೆ ಇನ್ನೊಬ್ಬರು ಯಾಕಿರಲಿಲ್ಲ ಎಂದು.

ಈ ದಿಸೆಯಲ್ಲಿ ನಮ್ಮಲ್ಲಿ ಏನೂ ನಡೆದಿಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗಳನ್ನು ಊರೂರಿಗೂ ತಂದಿತು. ಆದರೆ ಮಗು ದಿನವೂ ಅಲ್ಲಿ ಹೋಗಿ ಕೂರುವುದು ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಮೇಲೆ. ಅತಿ ಹೆಚ್ಚು ಕಾವಲು ಬೇಕಾದ ಒಂದರಿಂದ ಮೂರು ವರ್ಷದ ಅವಧಿಯೇ ಹೊರಗುಳಿಯುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಕೇಂದ್ರ ಇರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಮನೆಯಲ್ಲೇ ಬೀಡಿ ಕಟ್ಟುವವಳಿಗೆ, ಮೀನು ಮಾರುವವಳಿಗೆ ಇದರಿಂದ ಏನೂ ಒದಗುವುದಿಲ್ಲ.

2022ರಲ್ಲಿ ಕೇಂದ್ರ ಸರ್ಕಾರ ಶಿಶುಕೇಂದ್ರಗಳ ಯೋಜನೆಯನ್ನು 'ಪಾಲ್ನಾ' ಎಂಬ ಹೆಸರಿನಲ್ಲಿ ಮರುರೂಪಿಸಿತು. 2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಉದ್ಯೋಗ ಖಾತರಿಯಡಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಊರಿನ ಹೆಂಗಸರಿಗೇ ತರಬೇತಿ ಕೊಡುವ ಯೋಜನೆ ಇದು. ಯೋಚನೆ ಬಾಂಗ್ಲಾದ ಆಂಚಲ್‌ಗೆ ತೀರ ಹತ್ತಿರದ್ದು. ಆದರೆ ಸುರತ್ಕಲ್ ಇರುವುದು ಮಂಗಳೂರು ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ. ಪಂಚಾಯಿತಿಯ ಕೂಸಿನ ಮನೆ ಇಲ್ಲಿನ ಕೂಸಿಗಲ್ಲ.

ಸರ್ಕಾರ ಬರುವವರೆಗೆ ಕಾಯಬೇಕೇ? ಒಂದೇ ಮಹಡಿಯ ನಾಲ್ಕು ಮನೆಯವರು, ಒಂದೇ ಓಣಿಯ ಐದು ಮನೆಯವರು ಸರದಿಯಂತೆ ಬೆಳಗಿನ ಮೂರು-ನಾಲ್ಕು ಗಂಟೆ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡಿಗೆ ಕಾನೂನು ಬೇಕಾಗಿಲ್ಲ. ಊರಿನ ಯುವಕ ಮಂಡಲ, ಮಹಿಳಾ ಮಂಡಲಗಳು, ಸ್ವಸಹಾಯ ಗುಂಪುಗಳು ಮನಸ್ಸು ಮಾಡಿದರೆ ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಓಣಿಯ ಬಾವಿಗಳ ಮುಚ್ಚಳ ನೋಡಿ ಬರಬಹುದು. ಕಾಯುವ ಹೆಂಗಸಿಗೆ ಅದು ಪುಕ್ಕಟೆ ಚಾಕರಿಯಾಗದೆ ನಾಲ್ಕು ಕಾಸು ಬರುವ ಕೆಲಸವಾದರೆ ಇನ್ನೂ ಒಳ್ಳೆಯದು. ಹಿಂದೆ ಅಕ್ಕಂದಿರು ತೆತ್ತ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗಿಲ್ಲ.

ಈ ಯೋಜನೆಗಳಿಗೆ ಇಟ್ಟ ಹೆಸರುಗಳನ್ನು ಗಮನಿಸಿ. ಪಾಲ್ನಾ ಎಂದರೆ ತೊಟ್ಟಿಲು, ಆಂಚಲ್ ಎಂದರೆ ಸೆರಗು, ನಮ್ಮದು ಕೂಸಿನ ಮನೆ. ಬೇರೆ ಬೇರೆ ಭಾಷೆಯವರು ಮಗುವಿನ ಕಾವಲಿಗೆ ಹೆಸರು ಹುಡುಕಿದಾಗ ಯಾರಿಗೂ ಬೇಲಿ ನೆನಪಾಗಲಿಲ್ಲ. ಕಟಕಟೆ ಬೇಕಾದವರು ಕೊಳ್ಳಲಿ, ಬಡಗಿಯಿಂದ ಮಾಡಿಸಲಿ. ಹಾಲು ಉಕ್ಕುವ ಹೊತ್ತಿಗೆ ಅದು ಉಪಕಾರಿ. ಒಲೆಯ ಕೆಲಸ ಮುಗಿಯುವವರೆಗೆ ಮಗುವಿನ ಬಳಿ ಇನ್ನೊಬ್ಬರು ಇರುವಂತೆ ನೋಡಿಕೊಳ್ಳುವುದು ಮಾತ್ರ ಮನೆಯ, ಓಣಿಯ, ಊರಿನ ಕೆಲಸ.